ಗೇಣುದ್ದಕ್ಕೇ ಹೂ ಬಿಡುವ ಸಬ್ಬಸಿಗೆಗೆ ಏನು ಮದ್ದು?

ಪ್ರಶ್ನೆ: ನಾನು ಹಾಸನದ ಕಡೆಯವಳು, ಮದುವೆಯಾಗಿ ಉಡುಪಿಯ ಅಂಬಲಪಾಡಿಗೆ ಬಂದಿದ್ದೇನೆ. ತವರಿನಲ್ಲಿ ಸಬ್ಬಸಿಗೆ ಸೊಪ್ಪಿಲ್ಲದೆ ಅಕ್ಕಿ ರೊಟ್ಟಿ ತಟ್ಟುತ್ತಿರಲಿಲ್ಲ. ಇಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಕಟ್ಟು ಮನೆ ತಲುಪುವಷ್ಟರಲ್ಲಿ ಬಾಡಿರುತ್ತದೆ. ಹಾಗಾಗಿ ದಿನಸಿ ಅಂಗಡಿಯಿಂದ ಬೀಜ ತಂದು, ಟ್ರೇಯಲ್ಲಿ ಸಸಿ ಮಾಡಿ, ಆರು ಇಂಚಿನ ಕುಂಡಗಳಿಗೆ ಒಂದೊಂದೇ ನೆಟ್ಟು ಬಾಲ್ಕನಿಯಲ್ಲಿ ಇಟ್ಟೆ. ಅರ್ಧದಷ್ಟು ಬೀಜ ಹುಟ್ಟಲೇ ಇಲ್ಲ. ಹುಟ್ಟಿದವುಗಳಲ್ಲಿ ಹಲವು ಬುಡ ಕರಗಿ ಮಲಗಿದವು. ಉಳಿದವು ಗೇಣುದ್ದ ಆಗುವುದರೊಳಗೆ ಹೂ ಬಿಟ್ಟವು. "ಅದು ಘಟ್ಟದ ಮೇಲಿನ ಸೊಪ್ಪು, ನಮ್ಮ ಮಣ್ಣಿಗೆ ಹಿಡಿಯುವುದಿಲ್ಲ, ಸುಮ್ಮನೆ ಹರಿವೆ ಹಾಕು" ಎನ್ನುತ್ತಾರೆ ಅತ್ತೆ. ಅದು ನಿಜವೇ? ಮಳೆಗಾಲದಲ್ಲಿ ಬೆಳೆಯಬಹುದೇ? ಈಗ ಹೂ ಬಿಟ್ಟಿರುವ ಗಿಡಗಳನ್ನು ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸಬ್ಬಸಿಗೆ ತಂಪು ಕಾಲದ ಬೆಳೆ. ಬೀಜಕ್ಕಾಗಿ ಅದನ್ನು ಹೆಚ್ಚಾಗಿ ಬೆಳೆಯುವ ಗುಜರಾತ್, ರಾಜಸ್ಥಾನಗಳಲ್ಲಿಯೂ ಚಳಿಗಾಲಕ್ಕೆಂದೇ ಬಿತ್ತುತ್ತಾರೆ. ಹಾಸನದಲ್ಲಿ ಡಿಸೆಂಬರಿನ ರಾತ್ರಿ ಕಂಬಳಿ ಬೇಕಾಗುತ್ತದೆ. ಉಡುಪಿಯಲ್ಲಿ ಅದೇ ರಾತ್ರಿ ತಾಪಮಾನ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಹೆಚ್ಚು, ಫ್ಯಾನ್ ತಿರುಗುತ್ತಲೇ ಇರುತ್ತದೆ. ರಾತ್ರಿಯೂ ಬೆಚ್ಚಗಿರುವ ಊರಿನಲ್ಲಿ ಸಬ್ಬಸಿಗೆ ಅವಸರದಿಂದ ಬೆಳೆದು ಅವಸರದಿಂದ ಮುಗಿಯುತ್ತದೆ. ಆದರೆ ಮಣ್ಣಿನ ಮೇಲೆ ಅತ್ತೆಯವರು ಹೊರಿಸಿದ ಆರೋಪ ನಿಲ್ಲುವುದಿಲ್ಲ. ಕರಾವಳಿಯ ಕೆಂಪು ಮಣ್ಣನ್ನು ಸ್ವಲ್ಪ ತಿದ್ದಿಕೊಂಡರೆ ಅದರಲ್ಲಿ ಸಬ್ಬಸಿಗೆ ಚೆನ್ನಾಗಿಯೇ ಬರುತ್ತದೆ. ನನ್ನ ಲೆಕ್ಕದಲ್ಲಿ ಕೊತ್ತಂಬರಿಗಿಂತ ಇದು ಸುಲಭ.

ನಿಮ್ಮ ಗಿಡಗಳು ಅಷ್ಟು ಬೇಗ ಹೂ ಬಿಡಲು ಮುಖ್ಯ ಕಾರಣ ಸಸಿ ಕಿತ್ತು ನೆಟ್ಟದ್ದು. ಸಬ್ಬಸಿಗೆಯದು ತಾಯಿಬೇರು. ಕ್ಯಾರೆಟ್, ಕೊತ್ತಂಬರಿ, ಜೀರಿಗೆ, ಓಮ, ಸೋಂಪು ಎಲ್ಲವೂ ಇದೇ ಕುಲದವು. ಮೇಲೆ ಎರಡು ಇಂಚು ಕಾಣುವ ಸಸಿಯ ಬೇರು ಅಷ್ಟರಲ್ಲೇ ಅದಕ್ಕಿಂತ ಉದ್ದವಾಗಿ ನೇರ ಕೆಳಗಿಳಿದಿರುತ್ತದೆ. ಟ್ರೇಯ ತಳ ತಾಗಿದಾಗ ಆ ಬೇರು ಮಡಚಿಕೊಳ್ಳುತ್ತದೆ, ಕೀಳುವಾಗ ತುದಿ ತುಂಡಾಗುತ್ತದೆ. ಒಂದೇ ಋತುವಿನ ಆಯುಸ್ಸಿನ ಗಿಡಕ್ಕೆ ಇಂಥ ಪೆಟ್ಟು ಬಿದ್ದರೆ ಎಲೆ ಬಿಡುವುದನ್ನು ನಿಲ್ಲಿಸಿ ಬೀಜ ಮಾಡಿಕೊಳ್ಳುವ ಕೆಲಸಕ್ಕೆ ಹೊರಡುತ್ತದೆ. ಆರು ಇಂಚಿನ ಕುಂಡ, ಒಂದು ಮಧ್ಯಾಹ್ನ ನೀರು ತಪ್ಪಿದ್ದು, ಕಾದ ಸಿಮೆಂಟಿನ ಗೋಡೆ ಇವೆಲ್ಲ ಅದೇ ಅವಸರಕ್ಕೆ ತುಪ್ಪ ಸುರಿಯುತ್ತವೆ. ನಮ್ಮ ಕಡೆ ಬದನೆ, ಮೆಣಸು, ಹರಿವೆ ಎಲ್ಲವನ್ನೂ ಸಸಿ ಮಾಡಿ ನೆಟ್ಟು ರೂಢಿ. ಮಟ್ಟು ಗುಳ್ಳ ಎಂಬ ಇಲ್ಲಿನ ಬದನೆಯನ್ನೂ ಹಾಗೆಯೇ ನೆಡುತ್ತಾರೆ, ಅದು ಸೊಂಪಾಗಿ ಬರುತ್ತದೆ. ಆ ರೂಢಿಯನ್ನು ಸಬ್ಬಸಿಗೆಗೆ ತಂದಾಗ ಎಡವಟ್ಟಾಗುತ್ತದೆ.

ಇನ್ನೊಂದು ಕಾರಣ, ಗಿಡ ದೊಡ್ಡದಾಗಲಿ ಎಂದು ಕಾಯುವುದು. ಬಸಳೆಯನ್ನು ಚಪ್ಪರಕ್ಕೆ ಹಬ್ಬಿಸಿ ತಿಂಗಳುಗಟ್ಟಲೆ ಚಿವುಟುವಂತೆ ಸಬ್ಬಸಿಗೆಯನ್ನು ಇಟ್ಟುಕೊಂಡು ತಿನ್ನಲು ಕರಾವಳಿಯಲ್ಲಿ ಆಗುವುದಿಲ್ಲ. ಎಲ್ಲಿ ಕೊಯ್ಯುತ್ತೀರೋ ಅಲ್ಲೇ ಬಿತ್ತಬೇಕು. ಒತ್ತಾಗಿ ಬಿತ್ತಿ, ಮೂವತ್ತರಿಂದ ನಲವತ್ತು ದಿನದೊಳಗೆ ಕೊಯ್ದು ಮುಗಿಸಬೇಕು. ಅಷ್ಟರಲ್ಲಿ ಪಕ್ಕದ ಪೆಟ್ಟಿಗೆಯಲ್ಲಿ ಮುಂದಿನ ಬಿತ್ತನೆ ಮೊಳೆತಿರಬೇಕು. ಹೂವು ಬರುವುದನ್ನು ತಡೆಯುವ ಮದ್ದು ಹುಡುಕುವುದಕ್ಕಿಂತ ಹೂವಿಗೆ ಮೊದಲೇ ಸೊಪ್ಪನ್ನು ಅಡುಗೆಮನೆಗೆ ಸಾಗಿಸುವುದು ಮೇಲು. ನಿಮ್ಮ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಷ್ಟರಿಂದಲೇ ಪರಿಹಾರವಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಪದ್ಧತಿಯನ್ನು ನಮ್ಮ ಹವೆಗೆ ಹೊಂದಿಸಿಕೊಳ್ಳುವ ವಿಚಾರ.

ಮೊದಲು ಬೀಜ. ದಿನಸಿ ಅಂಗಡಿಯ ಬೀಜ ಹುಟ್ಟುವುದೇ ಇಲ್ಲ ಎಂದಲ್ಲ, ಆದರೆ ಅದರ ವಯಸ್ಸು ಗೊತ್ತಿರುವುದಿಲ್ಲ. ಈ ಕುಲದ ಬೀಜಗಳು ಒಣ ಹವೆಯಲ್ಲಿಯೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ಜೀವ ಹಿಡಿದಿರುವುದಿಲ್ಲ. ಕರಾವಳಿಯ ಅಂಗಡಿಯಲ್ಲಿ ತೆರೆದ ಚೀಲದೊಳಗೆ ಒಂದು ಮಳೆಗಾಲ ಕಳೆದ ಬೀಜದ ಪಾಡು ಊಹಿಸಿಕೊಳ್ಳಿ. ಬಿತ್ತನೆ ಬೀಜವೆಂದು ಮಾರುವ ಪೊಟ್ಟಣ ಕೊಂಡು, ಅದರ ಮೇಲಿನ ಪರೀಕ್ಷೆಯ ದಿನಾಂಕವನ್ನು ನೋಡಿ. ತವರಿನಿಂದ ಈ ವರ್ಷದ ಬೀಜ ತರಿಸಿಕೊಳ್ಳಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆನ್‌ಲೈನ್‌ನಲ್ಲಿ ಡಿಲ್ ಎಂಬ ಹೆಸರಿನಲ್ಲಿ ಸಿಗುವ ವಿದೇಶಿ ತಳಿಗಳಲ್ಲಿ ಫರ್ನ್‌ಲೀಫ್ ಎಂಬುದು ಗಿಡ್ಡ ತಳಿ, ಹೂ ಬಿಡುವುದು ನಿಧಾನ, ಕುಂಡಕ್ಕೆ ಹೊಂದುತ್ತದೆ. ಆದರೆ ಚಿಟಿಕೆಯಷ್ಟು ಬೀಜಕ್ಕೆ ಕೇಳುವ ಬೆಲೆ ನೋಡಿದರೆ ಒತ್ತಾಗಿ ಬಿತ್ತುವ ನಮ್ಮ ಪದ್ಧತಿಗೆ ಅದು ಗಿಟ್ಟುವುದಿಲ್ಲ. ರೊಟ್ಟಿಗೆ ಬೇಕಾದ ಗಾಢ ಪರಿಮಳಕ್ಕೆ ನಾಡ ಬೀಜವೇ ಸಾಕು.

ಕೊಳ್ಳುವಾಗ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಿ. ಸಬ್ಬಸಿಗೆ ಬೀಜ ಚಪ್ಪಟೆ, ಕಂದು ಬಣ್ಣ, ಅಂಚಿನಲ್ಲಿ ತೆಳು ಬಿಳಿಚು ಗೆರೆ, ಬೆನ್ನಿನ ಮೇಲೆ ಉದ್ದುದ್ದ ಏಣುಗಳು. ಸೋಂಪು ಇದಕ್ಕಿಂತ ದಪ್ಪ, ಉದ್ದ, ಹಸಿರು ಛಾಯೆಯದು. ಅದನ್ನು ಬಿತ್ತಿದರೂ ಇಂಥದೇ ಎಳೆಎಳೆ ಎಲೆ ಬರುವುದರಿಂದ ಬಾಯಿಗೆ ಹಾಕಿಕೊಳ್ಳುವ ತನಕ ಮೋಸ ಗೊತ್ತಾಗುವುದಿಲ್ಲ. ಎರಡು ಬೀಜಗಳನ್ನು ಉಗುರಿನಿಂದ ಜಜ್ಜಿ ಮೂಸಿದರೆ ಸಂಶಯ ಉಳಿಯದು.

ಬಿತ್ತುವ ಮುನ್ನ ಬೀಜವನ್ನು ಪರೀಕ್ಷಿಸಿ. ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯ ಮೇಲೆ ಹರಡಿ, ಮುಚ್ಚಳವಿರುವ ಡಬ್ಬಿಯಲ್ಲಿ ನೆರಳಲ್ಲಿಡಿ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಎಣಿಸಿ. ಹನ್ನೆರಡಕ್ಕಿಂತ ಹೆಚ್ಚು ಮೊಳೆತಿದ್ದರೆ ಒಳ್ಳೆಯ ಬೀಜ. ಆರೇಳು ಮೊಳೆತಿದ್ದರೆ ಎರಡರಷ್ಟು ಬಿತ್ತಿ. ಅದಕ್ಕೂ ಕಡಿಮೆಯಿದ್ದರೆ ಬೇರೆ ಬೀಜ ನೋಡಿಕೊಳ್ಳಿ. ಈ ಸಣ್ಣ ಕೆಲಸವನ್ನು ಮಾಡದೆ ಮಣ್ಣನ್ನು, ಹವೆಯನ್ನು, ಕೊನೆಗೆ ತಮ್ಮ ಕೈಗುಣವನ್ನು ಶಪಿಸಿಕೊಳ್ಳುವವರೇ ಹೆಚ್ಚು.

ಇನ್ನು ಪಾತ್ರೆ ಮತ್ತು ಮಣ್ಣು. ಪಾತ್ರೆ ಅಗಲವಾಗಿರಲಿ, ಆಳ ಎಂಟು ಇಂಚಿಗಿಂತ ಕಡಿಮೆ ಬೇಡ. ಗ್ರೋ ಬ್ಯಾಗ್, ಒಡೆದ ಪ್ಲಾಸ್ಟಿಕ್ ಟಬ್ಬು ಯಾವುದಾದರೂ ಆದೀತು. ಮಲ್ಪೆಯ ಮೀನುಗಾರಿಕೆ ಬಂದರು ಇರುವ ಊರಿನಲ್ಲಿ ಮೀನಿನ ಥರ್ಮೋಕೋಲ್ ಪೆಟ್ಟಿಗೆಗಿಂತ ಒಳ್ಳೆಯ ಕೈತೋಟದ ಪಾತ್ರೆ ಹುಡುಕಬೇಕಾಗಿಲ್ಲ. ಹಗುರ, ಆಳ ಸಾಕಷ್ಟು, ಬಿಸಿಲಿಗೆ ಒಳಗಿನ ಮಣ್ಣು ಕಾಯುವುದಿಲ್ಲ. ಈ ಕೊನೆಯ ಗುಣ ಸಬ್ಬಸಿಗೆಯ ಬೇರಿಗೆ ದೊಡ್ಡ ಉಪಕಾರ. ಆದರೆ ಉಪ್ಪು ಮತ್ತು ವಾಸನೆ ಹೋಗುವ ತನಕ ಪೆಟ್ಟಿಗೆಯನ್ನು ಮತ್ತೆ ಮತ್ತೆ ತೊಳೆದು ಬಿಸಿಲಿಗಿಡಬೇಕು. ಒಂದು ಮಳೆಗಾಲ ಹೊರಗೆ ಬಿದ್ದಿದ್ದ ಪೆಟ್ಟಿಗೆಯಾದರೆ ಇನ್ನೂ ವಾಸಿ. ತಳದಲ್ಲಿ ಬೆರಳು ದಪ್ಪದ ಏಳೆಂಟು ತೂತು ಮಾಡಿ, ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸುವುದು ಬೇಡ. ಬೇರು ಕೊಳೆಯುವುದು ಒಂದು, ಸೊಳ್ಳೆ ಮೊಟ್ಟೆಯಿಡುವುದು ಇನ್ನೊಂದು. ಉಡುಪಿ, ಮಂಗಳೂರಿನವರಿಗೆ ಮಲೇರಿಯಾ, ಡೆಂಗಿಯ ಬಗ್ಗೆ ಪಾಠ ಹೇಳಬೇಕಾಗಿಲ್ಲ.

ನಮ್ಮ ಕೆಂಪು ಮಣ್ಣಿಗೆ ಎರಡು ದೋಷಗಳಿವೆ. ಮುರಕಲ್ಲಿನಿಂದ (ಜಂಬಿಟ್ಟಿಗೆ) ಹುಟ್ಟಿದ್ದು, ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆಯಲ್ಲಿ ತೊಳೆದು ಹೋದದ್ದು, ಹಾಗಾಗಿ ಅದಕ್ಕೆ ಹುಳಿ ಹೆಚ್ಚು. ಎರಡನೆಯದಾಗಿ, ನೀರು ಹಾಕಿ ಒಣಗಿಸಿದರೆ ಮೇಲೆ ಹಪ್ಪಳ ಕಟ್ಟುತ್ತದೆ. ಕೂದಲೆಳೆಯ ಸಬ್ಬಸಿಗೆ ಮೊಳಕೆಗೆ ಆ ಪದರವನ್ನು ಒಡೆದು ಬರುವ ತ್ರಾಣವಿಲ್ಲ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ಹೊಯಿಗೆ (ಮರಳು) ಸೇರಿಸಿ, ಜರಡಿ ಹಿಡಿಯಿರಿ. ಹೊಯಿಗೆ ಹೊಳೆಯದ್ದಾಗಿರಲಿ, ಕಡಲ ತೀರದ್ದು ಬೇಡ. ಹೊಯಿಗೆಯ ಬದಲು ತೆಂಗಿನ ನಾರಿನ ಪುಡಿ ಹಾಕುವುದಾದರೆ ಅದನ್ನೂ ಎರಡು ಮೂರು ನೀರಿನಲ್ಲಿ ತೊಳೆಯಿರಿ, ಅದರಲ್ಲಿಯೂ ಉಪ್ಪಿನಂಶ ಇರುತ್ತದೆ. ಹುಳಿಗೆ ಮದ್ದು ಸುಣ್ಣ. ಒಂದು ಬಕೆಟ್ ಮಣ್ಣಿಗೆ ಒಂದೆರಡು ಚಮಚ ಕುಮ್ಮಾಯ ಅಥವಾ ಕೃಷಿ ಸುಣ್ಣ ಸಾಕು. ಆದರೆ ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸುಣ್ಣವನ್ನು ಎರಡು ವಾರ ಮುಂಚಿತವಾಗಿ ಮಣ್ಣಿಗೆ ಹಾಕಿ, ಒದ್ದೆ ಮಾಡಿ ಇಡಿ. ಗೊಬ್ಬರ ಆಮೇಲೆ.

ಕಾಂಪೌಂಡಿನೊಳಗೆ ಜಾಗವಿದ್ದು, ಅಕ್ಕಪಕ್ಕದವರಿಗೆ ಹೊಗೆಯ ತಕರಾರು ಇಲ್ಲದಿದ್ದರೆ ಸುಡುಮಣ್ಣಿನಂಥ ವಸ್ತು ಬೇರೆ ಇಲ್ಲ. ತರಗೆಲೆ, ಮಡಲು, ಕಸಕಡ್ಡಿಯ ಮೇಲೆ ಮಣ್ಣು ಹೊದಿಸಿ ನಿಧಾನವಾಗಿ ಬೇಯಿಸುವ ಈ ಕ್ರಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. ಕೇಳಿ ನೋಡಿ. ಬೆಂದ ಮಣ್ಣಿನಲ್ಲಿ ಕಳೆಯ ಬೀಜ, ಸಸಿ ಕೊಳೆಸುವ ಶಿಲೀಂಧ್ರ ಎರಡೂ ಸತ್ತಿರುತ್ತವೆ, ಬೂದಿ ಸೇರಿ ಹುಳಿಯೂ ತಗ್ಗಿರುತ್ತದೆ. ಟೆರೇಸಿನವರು ಏಪ್ರಿಲ್, ಮೇ ತಿಂಗಳಲ್ಲಿ ಒದ್ದೆ ಮಣ್ಣನ್ನು ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಟ್ಟರೆ ಬಹುಮಟ್ಟಿಗೆ ಅದೇ ಫಲ ಸಿಗುತ್ತದೆ.

ಬಿತ್ತನೆಗೆ ಬರೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಪೆಟ್ಟಿಗೆಗೆ ಅರ್ಧ ಚಹಾ ಚಮಚ ಬೀಜ ಸಾಕಾಗುತ್ತದೆ, ಅಷ್ಟರಲ್ಲೇ ಕೆಲವು ನೂರು ಬೀಜಗಳಿರುತ್ತವೆ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿಬಿಡಿ. ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ಅಂಶಗಳಿರುತ್ತವೆ, ಅವು ಆ ನೀರಿನೊಂದಿಗೆ ಹೋಗುತ್ತವೆ. ಬೀಜವನ್ನು ಬಟ್ಟೆಯ ಮೇಲೆ ಹರಡಿ, ಒಂದಕ್ಕೊಂದು ಅಂಟದಷ್ಟು ಆರಿಸಿ, ಒಂದು ಹಿಡಿ ಒಣ ಹೊಯಿಗೆಯಲ್ಲಿ ಕಲಸಿ. ಹೊಯಿಗೆ ಬೆರೆಸದಿದ್ದರೆ ಇಷ್ಟು ಹಗುರವಾದ ಬೀಜ ಒಂದೇ ಕಡೆ ಬಿದ್ದು ಉಳಿದ ಕಡೆ ಬೋಳಾಗುತ್ತದೆ. ಮಣ್ಣನ್ನು ಮೊದಲೇ ಚೆನ್ನಾಗಿ ನೆನೆಸಿರಿ. ನಾಲ್ಕು ಬೆರಳು ಅಂತರದಲ್ಲಿ ಗೆರೆ ಎಳೆದು, ಗೆರೆಯೊಳಗೆ ಉದುರಿಸಿ, ಮೇಲೆ ಕಾಳುಮೆಣಸಿನ ದಪ್ಪಕ್ಕಿಂತ ಹೆಚ್ಚಾಗದಂತೆ ಪುಡಿಮಣ್ಣು ಹೊದಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಈ ಬೀಜಕ್ಕೆ ಮೊಳೆಯಲು ಒಂದಿಷ್ಟು ಬೆಳಕೂ ಬೇಕು. ಬೆರಳು ಚುಚ್ಚಿ ಆಳಕ್ಕೆ ಹಾಕಿದ ಬೀಜ ಮೇಲೆ ಬರುವುದಿಲ್ಲ. ಮೇಲೆ ಬೈಹುಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹರಡಿ.

ಆ ದಿನವೇ ಇರುವೆಗಳಿಗೆ ಸುದ್ದಿ ಮುಟ್ಟುತ್ತದೆ. ಬೀಜ ಹುಟ್ಟಲಿಲ್ಲ ಎಂದು ದೂರುವ ಎಷ್ಟೋ ಮನೆಗಳಲ್ಲಿ ಬೀಜ ಗೋಡೆಯ ಬಿರುಕಿನೊಳಗೆ ದಾಸ್ತಾನಾಗಿರುತ್ತದೆ. ಪೆಟ್ಟಿಗೆಯ ಅಂಚಿಗೂ ಇಟ್ಟಿಗೆಯ ಸುತ್ತಲೂ ಒಣ ಬೂದಿ ಅಥವಾ ಅರಶಿನ ಪುಡಿ ಎರಚಿ, ಒದ್ದೆಯಾದರೆ ಮತ್ತೆ ಹಾಕಿ. ನೀರನ್ನು ಸಣ್ಣ ತೂತಿನ ಪೂವಾಳಿಯಿಂದಲೋ (ಗಿಡಕ್ಕೆ ನೀರು ಚಿಮುಕಿಸುವ ಕ್ಯಾನು), ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಬಾಟಲಿಯಿಂದಲೋ ಚಿಮುಕಿಸಿ. ಮಗ್ಗಿನಿಂದ ಸುರಿದರೆ ಬೀಜಗಳೆಲ್ಲ ಒಂದು ಮೂಲೆಗೆ ಹೋಗಿ ಗುಂಪಾಗುತ್ತವೆ.

ಏಳೆಂಟು ದಿನಕ್ಕೆ ಮೊದಲ ಮೊಳಕೆಗಳು ಕಾಣಿಸುತ್ತವೆ, ಎರಡು ವಾರದ ತನಕ ಬರುತ್ತಲೇ ಇರುತ್ತವೆ. ಈ ಹಂತದಲ್ಲಿ ಕನ್ನಡಕ ಹಾಕಿಕೊಂಡೇ ನೋಡಿ. ಮೊದಲು ಬರುವ ಎರಡು ಎಲೆಗಳಿಗೂ ನೀವು ಬಲ್ಲ ಸಬ್ಬಸಿಗೆ ಎಲೆಗೂ ಏನೇನೂ ಹೋಲಿಕೆ ಇಲ್ಲ. ಅವು ಕಿರಿದಾಗಿ, ಉದ್ದವಾಗಿ, ಹುಲ್ಲಿನ ಹಾಗಿರುತ್ತವೆ. ತುದಿಯಲ್ಲಿ ಬೀಜದ ಸಿಪ್ಪೆ ಟೋಪಿಯಂತೆ ಒಂದೆರಡು ದಿನ ಅಂಟಿಕೊಂಡಿರುವುದೂ ಉಂಟು. ಹುಲ್ಲು ಬಂತೆಂದು ಕಿತ್ತು ಎಸೆಯುವವರಿದ್ದಾರೆ. ಹುಲ್ಲಾದರೆ ಒಂದೇ ಎಸಳು ನೆಟ್ಟಗೆ ಬರುತ್ತದೆ, ಸಬ್ಬಸಿಗೆಗೆ ಎದುರುಬದುರು ಎರಡು. ಎಳೆಎಳೆಯಾಗಿ ಸೀಳಿದ ನಿಜವಾದ ಎಲೆ ಅವುಗಳ ನಡುವಿನಿಂದ ಆಮೇಲೆ ಹೊರಡುತ್ತದೆ. ಅದನ್ನು ಬೆರಳಿನಲ್ಲಿ ಉಜ್ಜಿದಾಗ ಘಮ ಬಂದರೆ ಇನ್ನು ಸಂಶಯವಿಲ್ಲದೆ ಕಳೆ ಕೀಳಬಹುದು. ಮೊಳಕೆ ಕಂಡ ದಿನವೇ ಬೈಹುಲ್ಲು ತೆಗೆಯಿರಿ. ಎರಡು ದಿನ ತಡ ಮಾಡಿದರೆ ಸಸಿಗಳು ಅದರಡಿಯಲ್ಲಿ ಬೆಳಕು ಹುಡುಕುತ್ತ ಸೊರಗಿ ಉದ್ದವಾಗುತ್ತವೆ.

ಬುಡ ಕರಗಿ ಸಸಿ ಮಲಗಿದ ವಿಚಾರ. ಇದು ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುವ ಸಸಿ ಕೊಳೆರೋಗ. ಮಣ್ಣಿಗೆ ಸೇರುವ ಜಾಗದಲ್ಲಿ ದಂಟು ದಾರದಷ್ಟು ತೆಳುವಾಗಿ, ನೀರು ನೀರಾಗಿ ಬಾಗುತ್ತದೆ, ಮೇಲಿನ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಮಲಗಿದ ಸಸಿಯನ್ನು ಎಬ್ಬಿಸುವ ಉಪಾಯ ಇಲ್ಲ. ಅದನ್ನೂ ಅದರ ಸುತ್ತಲಿನ ಒಂದು ಚಮಚ ಮಣ್ಣನ್ನೂ ತೆಗೆದು ದೂರ ಹಾಕಿ. ರೋಗ ಹಬ್ಬುವುದು ರಾತ್ರಿಯ ತೇವದಿಂದ. ಸಂಜೆ ಆಫೀಸಿನಿಂದ ಬಂದು ನೀರು ಹಾಕುವ ಅಭ್ಯಾಸವಿದ್ದರೆ ಅದನ್ನು ಬೆಳಿಗ್ಗೆಗೆ ಬದಲಿಸಿ. ಕರಾವಳಿಯ ಗಾಳಿಯಲ್ಲೇ ಇಷ್ಟು ತೇವವಿರುವಾಗ, ಮೊಳೆತ ಮೇಲೆ ಮಣ್ಣಿನ ಮೇಲ್ಮೈ ಸಂಜೆಯೊಳಗೆ ಸ್ವಲ್ಪ ಒಣಗಲೇಬೇಕು. ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ, ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ, ಒದ್ದೆ ಗೋಣಿ ಹೊದಿಸಿ ಒಂದು ವಾರ ನೆರಳಲ್ಲಿಟ್ಟು ಬಳಸಿದರೆ ಬಹಳ ಸಹಾಯವಾಗುತ್ತದೆ. ಗೊಬ್ಬರದ ಅಂಗಡಿಗಳಲ್ಲಿ ಕೇಳಿ. ಅಡಿಕೆಗೆ ಬಿಡುವ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಮನೆಯಲ್ಲಿ ಉಳಿದಿದೆಯೆಂದು ಅದನ್ನೇ ಇದಕ್ಕೂ ಸಿಂಪಡಿಸುವವರಿದ್ದಾರೆ. ತಿಂಗಳೊಳಗೆ ಹಸಿಯಾಗಿ ಹೆಚ್ಚಿ ತಿನ್ನುವ ಸೊಪ್ಪಿಗೆ ಮೈಲುತುತ್ತು ಖಂಡಿತ ಬೇಡ.

ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ನೀವು ಬರೆದಿಲ್ಲ. ಸಬ್ಬಸಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಉಡುಪಿಯ ಹಿತ್ತಿಲುಗಳಲ್ಲಿ ತೆಂಗು, ಮಾವು, ಹಲಸಿನ ನೆರಳಿನ ನಡುವೆ ಅಷ್ಟು ಬಿಸಿಲು ಸಿಗುವ ಜಾಗ ಅಪರೂಪ. ಬಟ್ಟೆ ಬೇಗ ಒಣಗುವ ಜಾಗ ಯಾವುದೋ ಅದನ್ನೇ ಆರಿಸಿ, ಸಾಮಾನ್ಯವಾಗಿ ಅದು ಟೆರೇಸೇ ಆಗಿರುತ್ತದೆ. ಬಾವಿಯ ನೀರು ಬಳಸುವವರು ಮಾರ್ಚ್ ನಂತರ ಒಮ್ಮೆ ರುಚಿ ನೋಡಿಕೊಳ್ಳಬೇಕು. ಹೊಳೆ ಕಡಲನ್ನು ಸೇರುವ ಬದಿಯ ಊರುಗಳ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ನಾಲಿಗೆಗೆ ಚೂರು ಉಪ್ಪೆನಿಸಿದರೂ ಎಳೆಯ ಸಸಿಯ ಎಲೆ ತುದಿಗಳು ಸುಟ್ಟಂತಾಗುತ್ತವೆ.

ಸಸಿಗಳು ಎರಡು ಇಂಚಾದಾಗ ತೀರ ಗುಂಪಾಗಿರುವಲ್ಲಿ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ ತೆಳುಗೊಳಿಸಿ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಕತ್ತರಿಸಿದ್ದನ್ನು ಎಸೆಯಬೇಡಿ, ಆ ದಿನದ ಮಜ್ಜಿಗೆಗೆ ಹಾಕಿ. ಗೊಬ್ಬರದ ವಿಷಯದಲ್ಲಿ ಕೈ ಬಿಗಿಯಿರಲಿ. ಮಣ್ಣಿನಲ್ಲಿ ಹಟ್ಟಿಗೊಬ್ಬರ ಇರುವುದರಿಂದ, ಹದಿನೈದನೆಯ ದಿನದ ಹೊತ್ತಿಗೆ ಒಂದು ಸಲ, ನೆಲಗಡಲೆ ಹಿಂಡಿಯನ್ನು ಮೂರು ದಿನ ನೆನೆಸಿದ ನೀರಿಗೆ ಹತ್ತರಷ್ಟು ನೀರು ಸೇರಿಸಿ ಬುಡಕ್ಕೆ ಹಾಕಿದರೆ ಸಾಕು. ಹೆಚ್ಚು ಸಾರಜನಕ ಸಿಕ್ಕಿದರೆ ಎಲೆ ಕಡು ಹಸಿರಾಗಿ ಮೆತ್ತಗಾಗುತ್ತದೆ, ಹೇನು ಮುತ್ತುತ್ತದೆ, ಪರಿಮಳ ಸಪ್ಪೆಯಾಗುತ್ತದೆ.

ಹೇನು ಎಂದೆನಲ್ಲ, ಸಬ್ಬಸಿಗೆಗೆ ಕಾಡುವ ಮುಖ್ಯ ಕೀಟ ಅದೇ. ಇರುವೆ ದಂಟು ಹತ್ತಿ ಇಳಿಯುತ್ತಿದ್ದರೆ ಎಲೆಯ ಸಂದಿನಲ್ಲಿ ಹೇನು ಇದೆಯೆಂದೇ ಲೆಕ್ಕ. ಅದು ಸುರಿಸುವ ಸಿಹಿಯ ಆಸೆಗೆ ಇರುವೆ ಬರುತ್ತದೆ. ಬೆಳಗಿನ ಹೊತ್ತು ರಭಸದ ನೀರಿನಿಂದ ಹೇನನ್ನು ತೊಳೆದು ಬಿಡಿ. ತುಂಬ ಮುತ್ತಿದ ಗಿಡಗಳನ್ನು ಕಿತ್ತುಹಾಕಿ. ಬೇವಿನೆಣ್ಣೆ ಸಿಂಪಡಿಸಬಹುದು, ಆದರೆ ಆಮೇಲೆ ಆ ಸೊಪ್ಪಿನ ರೊಟ್ಟಿ ತಿನ್ನುವವರ ಮುಖ ನೋಡಬೇಕಾಗುತ್ತದೆ! ಮೂವತ್ತೈದು ದಿನಕ್ಕೆ ಮುಗಿಯುವ ಬೆಳೆಗೆ ಔಷಧಿಯ ಗೊಡವೆ ಬೇಡ ಎಂಬುದೇ ನನ್ನ ಅಭಿಪ್ರಾಯ.

ಯಾವ ತಿಂಗಳು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ. ದೀಪಾವಳಿಯಿಂದ ಶಿವರಾತ್ರಿಯ ತನಕ ನಮ್ಮ ಸಬ್ಬಸಿಗೆ ಕಾಲ. ನವರಾತ್ರಿ ಮುಗಿಯುತ್ತಲೇ ಬಿತ್ತಬಹುದು, ಆದರೆ ಅಕ್ಟೋಬರ್ ಸಂಜೆಯ ಗುಡುಗು ಮಳೆಯ ಒಂದೊಂದು ಹನಿಗೂ ಎಳೆ ಸಸಿ ಮಣ್ಣಿಗೆ ಅಂಟುತ್ತದೆ. ಸಂಜೆ ಪೆಟ್ಟಿಗೆಯನ್ನು ಮಾಡಿನಡಿಗೆ ಎಳೆದಿಡುವ ವ್ಯವಸ್ಥೆ ಇದ್ದರೆ ಮಾತ್ರ ಆಗ ಶುರು ಮಾಡಿ. ಎಲ್ಲಕ್ಕಿಂತ ಒಳ್ಳೆಯ ಸೊಪ್ಪು ಬರುವುದು ನವೆಂಬರ್ ನಡುವಿನಿಂದ ಜನವರಿಯ ತನಕ ಬಿತ್ತಿದ್ದಕ್ಕೆ. ಮೂರು ಪೆಟ್ಟಿಗೆ ಇಟ್ಟುಕೊಂಡು ಹದಿನೈದು ದಿನಕ್ಕೊಂದರಂತೆ ಬಿತ್ತುತ್ತಾ ಹೋದರೆ, ಕೊಯ್ದ ಪೆಟ್ಟಿಗೆಗೆ ಸ್ವಲ್ಪ ಗೊಬ್ಬರ ಸೇರಿಸಿ ಮತ್ತೆ ಬಿತ್ತುವ ಹೊತ್ತಿಗೆ ಮುಂದಿನದು ಕೊಯ್ಲಿಗೆ ಬಂದಿರುತ್ತದೆ.

ಮಾರ್ಚ್ ಬಂದ ಮೇಲೆ ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ, ಇಪ್ಪತ್ತೈದು ದಿನದ ಎಳೆ ಸೊಪ್ಪಿಗೇ ತೃಪ್ತಿಪಡಬೇಕು. ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ನಗರಸಭೆ ನೀರಿಗೆ ದಿನ ಲೆಕ್ಕ ಹಾಕುವ ಏಪ್ರಿಲ್, ಮೇಯಲ್ಲಿ ಬಿತ್ತನೆ ನಿಲ್ಲಿಸಿ, ಆಗ ಹೇಳಿದಂತೆ ಮಣ್ಣನ್ನು ಬಿಸಿಲಿಗೆ ಹಾಕಿ. ಮಂಗಳೂರಿನವರು ತಮ್ಮ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ನೋಡಿಕೊಂಡು ಇದೇ ತೀರ್ಮಾನಕ್ಕೆ ಬರಬಹುದು. ಮಳೆಗಾಲದ ಬಗ್ಗೆ ಕೇಳಿದ್ದೀರಿ. ಟೆರೇಸಿಗೆ ಶೀಟು ಹೊದಿಸಿದ್ದು, ಅದರಲ್ಲಿ ಬೆಳಕು ಹಾಯುವ ಪಾರದರ್ಶಕ ಶೀಟುಗಳಿದ್ದು, ಗಾಳಿ ಆಡುತ್ತಿದ್ದರೆ ಸೆಪ್ಟೆಂಬರ್‌ನಲ್ಲಿ ಒಂದು ಪೆಟ್ಟಿಗೆ ಪ್ರಯತ್ನಿಸಿ. ಜೂನ್, ಜುಲೈಯಲ್ಲಿ ಹಠ ಮಾಡಬೇಡಿ. ಬಿಸಿಲಿಲ್ಲದೆ ಬೆಳೆದ ಸಬ್ಬಸಿಗೆಗೆ ಘಮವೂ ಇರುವುದಿಲ್ಲ, ಮೈಯೂ ಇರುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಕೆಸು, ತಗಟೆ, ಒಂದೆಲಗ ತಾವಾಗಿಯೇ ಬಾಗಿಲಿಗೆ ಬರುತ್ತವೆ. ಆ ಎರಡು ತಿಂಗಳು ಅತ್ತೆಯವರ ಮಾತು ಕೇಳುವುದರಲ್ಲಿ ನಷ್ಟವಿಲ್ಲ.

ಕೊಯ್ಲು ಬೆಳಿಗ್ಗೆ, ಎಲೆಯ ಮೇಲಿನ ಮಂಜು ಆರುತ್ತಿದ್ದಂತೆ. ಗಿಡ ಗೇಣುದ್ದವಾಗಿ, ನಾಲ್ಕೈದು ಎಲೆ ಬಿಟ್ಟು, ನಡುವಿನ ದಂಟು ಇನ್ನೂ ಮೆತ್ತಗಿರುವಾಗ ಅದರ ಹದ. ನಡುದಂಟು ಗಟ್ಟಿಯಾಗಿ ಸರ್ರನೆ ಮೇಲೇರತೊಡಗಿದರೆ ಮೊಗ್ಗು ಒಳಗೆ ತಯಾರಾಗಿದೆ ಎಂದು ಅರ್ಥ, ಇನ್ನು ಕಾಯಬೇಡಿ. ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿದರೆ ಇನ್ನೊಂದು ಸಲ ಸ್ವಲ್ಪ ಚಿಗುರು ಬರುತ್ತದೆ. ಮೂರನೆಯ ಚಿಗುರಿಗೆ ಆಸೆಪಟ್ಟು ಪೆಟ್ಟಿಗೆಯನ್ನು ಹಿಡಿದಿಟ್ಟುಕೊಳ್ಳುವುದು ನಮ್ಮ ಸೆಖೆಯಲ್ಲಿ ಲಾಭದ ವ್ಯಾಪಾರವಲ್ಲ. ಕೊಯ್ದದ್ದನ್ನು ತೊಳೆಯದೆ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ತಾಳುತ್ತದೆ. ಬೇಳೆಯ ಸಾರಿಗೆ ಹಾಕುವುದಾದರೆ ಇಳಿಸುವ ಮುಂಚೆ ಹಾಕಿ, ಇದರ ಪರಿಮಳದ ಎಣ್ಣೆ ಕುದಿಯುವ ಆವಿಯೊಂದಿಗೆ ಹೊರಟುಹೋಗುತ್ತದೆ. ತಂಬುಳಿಗೆ ಮಾತ್ರ ಇದನ್ನು ಹಾಕಬೇಡಿ ಎನ್ನುತ್ತೇನೆ, ಮಜ್ಜಿಗೆ, ಕಾಯಿ ಎರಡನ್ನೂ ನುಂಗಿಬಿಡುತ್ತದೆ. ಉದ್ದಿನ ವಡೆಗೆ ಹಾಕಿ ಅತ್ತೆಯವರಿಗೆ ಕೊಡಿ.

ಕೊನೆಯದಾಗಿ, ಈಗ ಹೂ ಬಿಟ್ಟಿರುವ ಗಿಡಗಳು. ಇರಲಿ ಬಿಡಿ, ಕೀಳಬೇಡಿ. ಹಳದಿ ಹೂಗೊಂಚಲಿಗೆ ಕುಟುಕದ ಮುಜಂಟಿ ಜೇನು, ಹೇನು ತಿನ್ನುವ ಗುಲಗಂಜಿ ಹುಳು, ಸಣ್ಣ ಹೂನೊಣಗಳು ಬರುತ್ತವೆ, ಪಕ್ಕದ ಬದನೆ, ಮೆಣಸಿಗೂ ಅವುಗಳಿಂದ ಉಪಕಾರ. ಆದರೆ ಆ ಗಿಡಗಳ ಬೀಜವನ್ನು ಬಿತ್ತನೆಗೆ ಇಟ್ಟುಕೊಳ್ಳಬೇಡಿ. ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡದ ಬೀಜ ಹಿಡಿಯುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ಬೇಗ ಹೂ ಬಿಡುವ ಬುದ್ಧಿಯನ್ನೇ ಆರಿಸಿ ಬೆಳೆಸಿದಂತಾಗುತ್ತದೆ. ನವೆಂಬರ್ ಬಿತ್ತನೆಯ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ತಡವಾಗಿ ದಂಟು ಎತ್ತುವ, ಸೊಪ್ಪು ತುಂಬಿದ ನಾಲ್ಕೈದು ಗಿಡಗಳನ್ನು ಕೊಯ್ಯದೆ ಬಿಟ್ಟು, ಅವುಗಳ ಬೀಜ ಹಿಡಿಯಿರಿ. ಬಿತ್ತಿ ಸುಮಾರು ಮೂರೂವರೆ ತಿಂಗಳಿಗೆ ನಡುಗೊಂಚಲಿನ ಬೀಜ ಕಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಒಣಗುವ ತನಕ ಬಿಟ್ಟರೆ ಅರ್ಧ ನೆಲಕ್ಕೆ ಉದುರುತ್ತದೆ. ಗೊಂಚಲನ್ನು ದಂಟಿನ ಸಮೇತ ಕತ್ತರಿಸಿ, ಕಾಗದದ ಚೀಲದೊಳಗೆ ತಲೆಕೆಳಗಾಗಿ ಕಟ್ಟಿ ಗಾಳಿಯಾಡುವಲ್ಲಿ ತೂಗುಹಾಕಿ. ಉದುರಿದ ಬೀಜವನ್ನು ಎಳೆಬಿಸಿಲಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಅದರ 
ಜೊತೆಗೆ ಗಾಜಿನ ಬಾಟಲಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ತೇವವನ್ನು ಅಕ್ಕಿ ಹೀರಿಕೊಳ್ಳುತ್ತದೆ. ಮಳೆ ಶುರುವಾಗುವ ಮೊದಲೇ ಬಾಟಲಿ ಫ್ರಿಜ್ಜಿನೊಳಗೆ ಇರಬೇಕು, ಹೊರಗಿನ ಗಾಳಿಯಲ್ಲಿ ಒಂದು ಮಳೆಗಾಲ ಕಳೆದ ಬೀಜವನ್ನು ನಂಬುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ಎಲೆ ಹಳದಿಯಾಗಿ ಗಿಡ ಏಳದೇ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ನಿಮಗೆ ಹತ್ತಿರದ್ದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ. ಪೆಟ್ಟಿಗೆಯ ಮೇಲಿನ ಪದರ ಮಾತ್ರ ಒಯ್ಯಬೇಡಿ. ಆರು ಇಂಚು ಆಳದ ತನಕದ ಮಣ್ಣನ್ನು ತೆಗೆದು, ನೆರಳಲ್ಲಿ ಒಣಗಿಸಿ ಒಯ್ಯಿರಿ. ಸುಣ್ಣ ಹಾಕಿದ್ದರೆ ಯಾವಾಗ, ಎಷ್ಟು ಹಾಕಿದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ.